ಎಂಟನೇ ಗೂಡಿನ ಜಡೆ

"ಏಳು ಗೂಡು ನಿಮ್ಮವು. ದೀಪ ಇಡಿ, ಹೂವಿಡಿ, ಏನು ಬೇಕಾದ್ರೂ ಇಡಿ. ಈ ಎಂಟನೇದನ್ನ ಮಾತ್ರ ಮುಟ್ಟಬೇಡಿ," ಎಂದಳು ಸೌಧ ಕಾಯುವ ಬೀಗದಜ್ಜಿ.

ಅಕ್ಕ ಅಳತೆಯ ಟೇಪನ್ನು ಸರ್ರೆಂದು ಒಳಗೆಳೆದುಕೊಂಡು ನಕ್ಕಳು. "ಯಾಕಜ್ಜಿ, ಒಳಗೆ ದೆವ್ವ ಏನಾದ್ರೂ ಬಾಡಿಗೆಗಿದೆಯಾ? ಇದ್ರೆ ಅದಕ್ಕೂ ಒಂದು ಕಾಗದ ಕೊಟ್ಟು ಕರೆಯೋಣ. ಹೇಗೂ ಎಪ್ಪತ್ತೇ ಜನ ಬರೋದು."

ಅಜ್ಜಿ ನಗಲಿಲ್ಲ. ಸೊಂಟದಲ್ಲಿ ತೂಗುತ್ತಿದ್ದ ಬೀಗದ ಕೈಗಳ ಗೊಂಚಲನ್ನು ಸದ್ದಾಗದಂತೆ ಅಂಗೈಯಲ್ಲಿ ಮುಚ್ಚಿಕೊಂಡಳು. "ದೆವ್ವ ಆಗಿದ್ರೆ ಪರವಾಗಿರ್ಲಿಲ್ಲ. ಅದಕ್ಕೆ ಕಿವಿ ಇರುತ್ತೆ, ಬೈದ್ರೆ ಹೋಗುತ್ತೆ. ಇದು ಗಂಟು."

"ಎಂಥಾ ಗಂಟು?"

"ತಂಗಿ ಮದುವೆ ಮಾಡೋಕೆ ಬಂದಿದ್ದೀರ. ನಿಮ್ಮ ಮುಂದೆ ಅದನ್ನ ಹೇಳಬಾರದು. ಮುಟ್ಟಬೇಡಿ, ಅಷ್ಟೇ."

ಮದುವೆಗೆ ಇನ್ನು ಒಂಬತ್ತು ದಿನವಿತ್ತು.

ಹಜಾರ ಆ ಹಳೆಯ ಸೌಧದ ನಟ್ಟನಡುವೆ ಇತ್ತು. ಯಾವನೋ ವ್ಯಾಪಾರಿ ಮುನ್ನೂರು ವರ್ಷದ ಹಿಂದೆ ಕಟ್ಟಿಸಿದ್ದು. ಎಂಟು ಮೂಲೆ, ಮೂಲೆಗೊಂದು ಕಮಾನಿನ ಗೂಡು, ಒಂದೇ ಬಾಗಿಲು. ಕಿಟಕಿಯಿಲ್ಲ. ಗುಮ್ಮಟದ ನೆತ್ತಿಯಲ್ಲಿ ತಟ್ಟೆಯಗಲದ ಒಂದು ಕಂಡಿ. ಅಲ್ಲಿಂದ ಇಳಿಯುವ ಬೆಳಕು ನೆಲ ಮುಟ್ಟುವ ಹೊತ್ತಿಗೆ ದಣಿದುಹೋಗಿರುತ್ತಿತ್ತು. ಹೊರಗೆ ಸುಡುಬಿಸಿಲಿದ್ದರೂ ಒಳಗೆ ಕಾಲಿಟ್ಟವರಿಗೆ ಮೊದಲು ಎದುರಾಗುತ್ತಿದ್ದದ್ದು ಕತ್ತಲೆ, ಆಮೇಲೆ ತಂಪು, ಆಮೇಲೆ ವಾಸನೆ: ಹಳೆಯ ಸುಣ್ಣ, ಬಾವಲಿ ಹಿಕ್ಕೆ, ಅದರಡಿಯಲ್ಲಿ ಎಣ್ಣೆಯ ಒಂದು ಕಮಟು, ಬಹಳ ದಿನ ತಲೆ ತೊಳೆಯದವರ ದಿಂಬಿನ ಹಾಗೆ. ಎಂಟನೇ ಗೂಡಿಗೆ ಯಾರೋ ಗಾರೆ ಮೆತ್ತಿ ಮುಚ್ಚಿದ್ದರು. ಕೆಲಸ ಬಲ್ಲವರ ಕೈಯಲ್ಲ. ಬೆರಳ ಗುರುತುಗಳು ಗಾರೆಯಲ್ಲಿ ಹಾಗೇ ಒಣಗಿದ್ದವು. ಸಣ್ಣ ಬೆರಳುಗಳು, ಹೆಂಗಸಿನವು.

ಅಕ್ಕ ಮದುವೆ ಅಲಂಕಾರದ ಕೆಲಸಕ್ಕಿಳಿದು ಇಪ್ಪತ್ತು ವರ್ಷ ಕಳೆದಿತ್ತು. ಹೂವಿನವರು, ದೀಪದವರು, ಬಿದಿರಿನವರು, ಮದುಮಕ್ಕಳ ತಾಯಂದಿರು, ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಆದರೆ ಅವಳು ನಿಜವಾಗಿ ಅಕ್ಕನಾಗಿದ್ದದ್ದು ಒಬ್ಬಳಿಗೆ. ಅಪ್ಪ ಮೊದಲೇ ಇರಲಿಲ್ಲ. ಅಮ್ಮ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ಪುಟ್ಟಿಗೆ ಆರು. ಅವತ್ತಿನಿಂದ ಜಡೆ ಹಾಕಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಬೆಳಗು ಮಾಡಿದ್ದು ಎಲ್ಲ ಅಕ್ಕನೇ. ತನಗೆ ಬಂದ ಒಂದೆರಡು ಸಂಬಂಧಗಳನ್ನು, ಪುಟ್ಟಿಯದೊಂದು ದಾರಿಯಾಗಲಿ ಎಂದು ಮುಂದೆ ಹಾಕಿದಳು. ಮುಂದೆ ಹಾಕಿದ್ದು ಮುಂದೆಯೇ ಉಳಿಯಿತು. ಅದಕ್ಕಾಗಿ ಅವಳು ಕೊರಗಿದ್ದನ್ನು ಯಾರೂ ಕಂಡವರಿಲ್ಲ.

ಪುಟ್ಟಿ ಬೆಳೆದು ಹಳೆಯ ಕಟ್ಟಡಗಳ ನಕ್ಷೆ ಬರೆಯುವವಳಾದಳು. ಈ ಹಜಾರವನ್ನು ಒಂದು ವರ್ಷ ಇಂಚಿಂಚು ಅಳೆದು, ಅದರ ಮೋಹಕ್ಕೆ ಬಿದ್ದು, ತನ್ನ ಮದುವೆ ಇಲ್ಲೇ ಆಗಬೇಕೆಂದು ಹಟ ಹಿಡಿದವಳೂ ಅವಳೇ. ಹುಡುಗ ಲೆಕ್ಕದ ಮೇಷ್ಟ್ರು. ಮಾತು ಕಡಿಮೆ, ನಕ್ಕರೆ ಕಿವಿ ಕೆಂಪಾಗುತ್ತಿತ್ತು. ಅವನಿಗೆ ಕೆಲಸ ಸಿಕ್ಕಿದ್ದು ರೈಲಿನಲ್ಲಿ ಎರಡು ದಿನದ ದಾರಿಯಾಚೆ, ಕಡಲ ದಂಡೆಯ ಒಂದು ಊರಿನಲ್ಲಿ. ಪುಟ್ಟಿ ಅದನ್ನು ಹೇಳಿದ ದಿನ ಅಕ್ಕ, "ಒಳ್ಳೇದಾಯ್ತು ಬಿಡು, ಗಾಳಿ ಚೆನ್ನಾಗಿರುತ್ತೆ," ಎಂದಳು. ಅಷ್ಟು ಹೇಳಿ ಅಡುಗೆಮನೆಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಊರವರ ಮದುವೆಗಳಿಗೆಲ್ಲ ಅದೇ ಹೂವು, ಅದೇ ಜರತಾರಿ ಪರದೆ ಕಟ್ಟಿ ಬೇಸತ್ತಿದ್ದ ಅಕ್ಕ ತಂಗಿಯ ಮದುವೆಯನ್ನು ಬೇರೆಯೇ ಮಾಡಲು ನಿಂತಳು. ಬಂದವರ ಮುಂದೆ ಇಬ್ಬರೂ ಒಬ್ಬರಿಗೊಬ್ಬರು ಬರೆದ ಪತ್ರ ಓದುವುದು, ನೋಂದಣಿ ಪುಸ್ತಕದಲ್ಲಿ ಸಹಿ ಹಾಕುವುದು, ಅಷ್ಟೇ ಮದುವೆ. ಹಜಾರಕ್ಕೆ ಅಮ್ಮನ ಹಳೆಯ ಹತ್ತಿ ಬಟ್ಟೆಗಳನ್ನು ಸೇರಿಸಿ ಹೊಲಿದ ಒಂದು ಮೇಲ್ಕಟ್ಟು. ಎಂಟು ಗೂಡಿನಲ್ಲಿ ಪುಟ್ಟಿಯ ಬದುಕಿನ ಎಂಟು ವಸ್ತು: ಮೊದಲ ಚಪ್ಪಲಿ, ಒಡೆದ ಸ್ಲೇಟು, ಕೈ ಮುರಿದುಕೊಂಡಾಗ ಹಾಕಿದ್ದ ಗಟ್ಟಿ ಪಟ್ಟಿ, ಸೈಕಲ್ಲಿನ ಗಂಟೆ, ಅವಳು ಬರೆದ ಮೊದಲ ನಕ್ಷೆ, ಹೀಗೆ. ಎಂಟನೆಯದು ಅಕ್ಕ ತಂಗಿ ಇಬ್ಬರೂ ಇರುವ ಒಂದೇ ಒಂದು ಫೋಟೋ. ಅದನ್ನು ಬೇರೆ ಗೂಡಿಗೆ ಸೇರಿಸಬಹುದಿತ್ತು. ಆದರೆ ಅಕ್ಕನಿಗೆ ಸಾಲು ತಪ್ಪಿದ್ದು ಕಣ್ಣಿಗೆ ಬಿದ್ದರೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿದ ಹಾಗೆ. ನಾಲಿಗೆ ಅಲ್ಲಿಗೇ ಹೋಗುತ್ತದೆ.

ಗಾರೆ ಮೇಸ್ತ್ರಿ ಎಂಟನೇ ಗೂಡಿನ ಮುಂದೆ ನಿಂತವನೇ ಉಳಿ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ. "ಬೇರೆ ಏನು ಹೇಳಿದ್ರೂ ಮಾಡ್ತೀನಿ ಅಕ್ಕ. ಇದನ್ನ ನಮ್ಮಪ್ಪನೂ ಮುಟ್ಟಿಲ್ಲ, ಅವರಪ್ಪನೂ ಮುಟ್ಟಿಲ್ಲ."

"ನಿಮ್ಮ ವಂಶದಲ್ಲಿ ಸೋಮಾರಿತನ ಅಷ್ಟು ಹಳೇದು ಅಂತ ಗೊತ್ತಿರ್ಲಿಲ್ಲ ಮೇಸ್ತ್ರಿ," ಎನ್ನುತ್ತ ಅಕ್ಕ ಅವನ ಚೀಲದಿಂದಲೇ ಉಳಿ ಸುತ್ತಿಗೆ ಎತ್ತಿಕೊಂಡಳು. "ಹೊರಗೆ ಹೋಗಿ ಟೀ ಕುಡೀರಿ. ಬರೋದ್ರೊಳಗೆ ಮುಗಿದಿರುತ್ತೆ."

ಆಗ ಬೆಳಿಗ್ಗೆ ಹನ್ನೊಂದು ಗಂಟೆ. ಮದುವೆಗೆ ನಾಲ್ಕು ದಿನ. ಹಜಾರದಲ್ಲಿ ಅಕ್ಕ ಒಬ್ಬಳೇ.

ಗಾರೆ ಕಲ್ಲಿನ ಹಾಗಿತ್ತು. ಹತ್ತು ಪೆಟ್ಟಿಗೆ ಒಂದು ಹಕ್ಕಳೆ. ಆಮೇಲೆ ಒಳಗಿನಿಂದ ಟೊಳ್ಳು ಸದ್ದು ಬಂತು. ಇನ್ನೆರಡು ಪೆಟ್ಟಿಗೆ ಬೊಗಸೆಯಗಲದ ಚೂರು ಒಳಕ್ಕೇ ಬಿತ್ತು, ಯಾರೋ ಎಳೆದುಕೊಂಡ ಹಾಗೆ. ಆ ಎಣ್ಣೆಯ ಕಮಟು ಮುಖಕ್ಕೆ ರಾಚಿತು. ಒದ್ದೆ ಕೂದಲಿನ, ಸುಟ್ಟ ಮೇಣದ ವಾಸನೆ. ಕೆಮ್ಮುತ್ತ ಕೈ ಹಾಕಿದಳು. ಬೆರಳಿಗೆ ಸಿಕ್ಕಿದ್ದು ಒಂದು ಮಣ್ಣಿನ ಕುಡಿಕೆ. ಹೊರಗೆ ತೆಗೆಯುವಾಗಲೇ ಅದು ಕೈಯಲ್ಲಿ ಎರಡು ಹೋಳಾಯಿತು.

ಒಳಗಿದ್ದದ್ದು ಒಂದು ಜಡೆ. ಬುಡದಲ್ಲಿ ಕತ್ತರಿಸಿದ, ಮೊಳವುದ್ದದ, ಕಪ್ಪು ಕಪ್ಪಾದ ಜಡೆ. ಅದಕ್ಕೆ ಒಂಬತ್ತು ಗಂಟು ಹಾಕಿದ್ದರು. ತುದಿಗೆ ಎಲೆಯಷ್ಟು ತೆಳುವಾದ ತಾಮ್ರದ ತಗಡು. ಅದರ ಮೇಲೆ ಮೊಳೆಯಿಂದ ಗೀರಿದ ಎರಡು ಹೆಣ್ಣು ಗೊಂಬೆ. ಇಬ್ಬರ ಹೊಕ್ಕುಳನ್ನೂ ಸೇರಿಸಿ ಒಂದು ಗೆರೆ.

ಜಡೆ ಬೆಚ್ಚಗಿತ್ತು.

"ಹೋಗಬೇಡ ಕಣೇ," ಎಂದಿತು ಒಂದು ಧ್ವನಿ. ಅಕ್ಕ ಬೆಚ್ಚಿ ತಿರುಗಿದಳು. ಹಜಾರದಲ್ಲಿ ಯಾರೂ ಇರಲಿಲ್ಲ. ಗುಮ್ಮಟ ಆ ಮಾತನ್ನು ಎರಡು ಸಲ ಹೇಳಿ ಸುಮ್ಮನಾಯಿತು. ತನ್ನ ತುಟಿ ಇನ್ನೂ ತೆರೆದೇ ಇದೆಯೆಂದು ಆಗ ಅವಳಿಗೆ ತಿಳಿಯಿತು. ಅಂದವಳು ಅವಳೇ.

ದೂಳು ತಲೆಗೇರಿತು ಅಂದುಕೊಂಡಳು. ಜಡೆಯನ್ನು ಹಳೆಯ ರಟ್ಟಿನ ಪೆಟ್ಟಿಗೆಗೆ ಹಾಕಿ ಬಾಗಿಲ ಹಿಂದೆ ಸರಿಸಿ, ಗೂಡನ್ನು ಚೆನ್ನಾಗಿ ಒರೆಸಿ, ಫೋಟೋ ಇಟ್ಟು ಹಿಂದೆ ಸರಿದು ನೋಡಿದಳು. ಸಾಲು ಸರಿಯಾಗಿತ್ತು.

ಮರುದಿನ ಮಧ್ಯಾಹ್ನ ಪುಟ್ಟಿ ಮೇಷ್ಟ್ರ ಜೊತೆ ಬಂದಳು. ಗೂಡಿನಿಂದ ಗೂಡಿಗೆ ಹೋಗುತ್ತ ಒಂದೆಡೆ ನಕ್ಕಳು, ಒಂದೆಡೆ ಕಣ್ಣೊರೆಸಿಕೊಂಡಳು. ಚಪ್ಪಲಿಯನ್ನು ಅಂಗೈ ಮೇಲಿಟ್ಟು ಮೇಷ್ಟ್ರಿಗೆ ತೋರಿಸಿದಳು. ಎಂಟನೇ ಗೂಡಿನ ಮುಂದೆ ಅವಳ ಮುಖ ಸಪ್ಪಗಾಯಿತು.

"ಇದನ್ನ ಯಾಕೆ ತೆರೆದೆ ಅಕ್ಕ? ನಕ್ಷೆಯಲ್ಲಿ ನಾನೂ ಮುಚ್ಚಿದ ಹಾಗೇ ಬರೆದಿದ್ದೆ. ಅಜ್ಜಿ ಅಷ್ಟು ಹೇಳಿದ್ರು."

"ನಿನ್ನ ಬೀಗದಜ್ಜಿ ಹಾಗೆ ಹೇಳ್ತಾನೇ ಇರ್ತಾಳೆ. ಬಾ, ಹೊಟ್ಟೆ ಹಸೀತಿದೆ. ಊಟ ಮಾಡಿ ಬರೋಣ."

ಮೇಷ್ಟ್ರು ಮುಂದೆ ಹೋದರು. ಅಕ್ಕ ಹೋದಳು. ಪುಟ್ಟಿ ಹೊಸ್ತಿಲ ಮೇಲೆ ಕಾಲಿಟ್ಟವಳು ನಿಂತುಬಿಟ್ಟಳು.

"ಕಾಲು ಜೋಮು ಹಿಡೀತು," ಎಂದು ನಕ್ಕಳು. ಇನ್ನೊಂದು ಕಾಲೆತ್ತಿದಳು. ನಗು ಅಲ್ಲೇ ನಿಂತಿತು. ಬಾಯಿ ತೆರೆದೇ ಇತ್ತು, ಉಸಿರು ಒಳಗೆ ಹೋಗಲಿಲ್ಲ. ಕೈ ಗಾಳಿಯಲ್ಲಿ ಹುಡುಕಿತು. ತುಟಿ ನೀಲಿಯಾಯಿತು. ಮೇಷ್ಟ್ರು ಓಡಿಬಂದು ಹಿಡಿದುಕೊಳ್ಳುವ ಹೊತ್ತಿಗೆ ಅವಳು ಹಿಂದಕ್ಕೆ, ಹಜಾರದ ಒಳಕ್ಕೆ ಕುಸಿದಿದ್ದಳು. ಒಳಗೆ ಬಿದ್ದ ಕೂಡಲೇ ಉಸಿರು ಬಂತು. ನೀರಿನಿಂದ ಎತ್ತಿದವರ ಹಾಗೆ ಎಳೆದೆಳೆದು ಉಸಿರಾಡಿದಳು.

ಎರಡನೇ ಸಲ ಮೇಷ್ಟ್ರು ಅವಳನ್ನು ಎತ್ತಿಕೊಂಡೇ ಹೊರಟರು. ಹೊಸ್ತಿಲು ದಾಟಿದ ಮೂರನೇ ಹೆಜ್ಜೆಗೆ ಅವಳ ತಲೆ ಅವರ ತೋಳಿನ ಮೇಲಿಂದ ಹಿಂದಕ್ಕೆ ವಾಲಿತು. ಬೀದಿಯ ಕೊನೆಯ ದವಾಖಾನೆಯ ಡಾಕ್ಟರು ಬಂದರು. ಮದುವೆಯ ಗಾಬರಿ, ಏನಿಲ್ಲ ಎಂದು ಚುಚ್ಚುಮದ್ದು ಕೊಟ್ಟು, ತಾವೇ ಮಣಿಕಟ್ಟು ಹಿಡಿದುಕೊಂಡು ಸ್ಟ್ರೆಚರಿನ ಜೊತೆ ನಡೆದರು. ಹೊಸ್ತಿಲಲ್ಲಿ ನಿಂತರು. "ಒಳಗೆ, ಒಳಗೆ ತಗೊಳ್ಳಿ," ಎಂದರು. "ನಾಡಿ ನಿಂತಿತ್ತು. ಪೂರ್ತಿ ನಿಂತಿತ್ತು. ಇನ್ನೊಂದು ಸಲ ದಾಟಿಸೋಕೆ ನಾನು ಹೇಳೋದಿಲ್ಲ." ಚೀಲ ಎತ್ತಿಕೊಂಡವರು ಹಿಂತಿರುಗಿ ನೋಡದೆ ಹೋದರು.

ಅಂದಿನಿಂದ ಪುಟ್ಟಿಗೆ ಹಜಾರವೇ ಮನೆಯಾಯಿತು. ಅಕ್ಕ ಹಾಸಿಗೆ ತಂದಳು, ನೀರು ತಂದಳು, ಊಟ ತಂದಳು. ತುತ್ತು ಮಾಡಿ ಬಾಯಿಗಿಟ್ಟಳು. ಮೇಷ್ಟ್ರು ಗೋಡೆಗೊರಗಿ ಕೂತು, ದೊಡ್ಡ ಆಸ್ಪತ್ರೆಗಳಿಗೆಲ್ಲ ಫೋನು ಮಾಡುತ್ತಿದ್ದರು. ಹೊಸ್ತಿಲು ದಾಟಿದರೆ ಉಸಿರು ನಿಲ್ಲುತ್ತದೆ ಎಂದ ಕೂಡಲೇ ಆ ಕಡೆಯವರು ಫೋನು ಇಟ್ಟುಬಿಡುತ್ತಿದ್ದರು. ಎರಡೇ ದಿನದಲ್ಲಿ ಪುಟ್ಟಿಯ ಕೆನ್ನೆ ಒಳಸೇರಿತು. ಜಡೆಯ ವಾಸನೆ ಈಗ ಹಜಾರದ ತುಂಬ ಇತ್ತು. ಯಾರೂ ಇಲ್ಲದ ಮೂಲೆಯಲ್ಲಿ ಕೂದಲು ಬಾಚುವ ಸದ್ದು. ಸರ್, ಸರ್, ಸರ್. ಅಕ್ಕನಿಗೆ ಮಾತ್ರ ಕೇಳಿಸುತ್ತಿತ್ತು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಅವಳು ಬೀಗದಜ್ಜಿಯ ಕೋಣೆಗೆ ಹೋಗಿ ನೆಲದ ಮೇಲೆ ಕೂತಳು. ತಮಾಷೆ ಮಾಡುವ ಬಾಯಿ ಒಣಗಿಹೋಗಿತ್ತು.

"ಹೇಳಿ ಅಜ್ಜಿ."

ಅಜ್ಜಿ ಬಾಗಿಲನ್ನು ಓರೆ ಮಾಡಿ ಬಂದು ಕೂತಳು. ಆಮೇಲೆ ತಗ್ಗಿದ ಧ್ವನಿಯಲ್ಲಿ ಹೇಳಿದಳು. ಆ ವ್ಯಾಪಾರಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯಿಲ್ಲದ ತಂಗಿಯನ್ನು ಅಕ್ಕನೇ ಸಾಕಿದಳು. ತಂಗಿಗೆ ದೂರದ ಗಂಡು ಗೊತ್ತಾಯಿತು. ಅಕ್ಕ ಮಾಟಗಾರನ ಹತ್ತಿರ ಹೋದಳು. ತನ್ನ ಜಡೆಯನ್ನೇ ಕೊಯ್ದು ಕೊಟ್ಟು, ಅವಳು ಹೋಗದ ಹಾಗೆ ಕಟ್ಟು ಎಂದಳು. ಮದುವೆ ಈ ಹಜಾರದಲ್ಲೇ ಆಯಿತು. ಮದುಮಗಳು ಹೊಸ್ತಿಲು ದಾಟಲಿಲ್ಲ. ಗಂಡ ಒಂದು ತಿಂಗಳು ಕಾದು, ಬಂದ ದಾರಿ ಹಿಡಿದ. ಹನ್ನೊಂದು ವರ್ಷ ತಂಗಿ ಇದೇ ಕತ್ತಲೆಯಲ್ಲಿದ್ದಳು. ಹನ್ನೊಂದು ವರ್ಷ ಅಕ್ಕ ದಿನಾ ತಲೆ ಬಾಚಿ, ಊಟ ಮಾಡಿಸಿದಳು. ತಂಗಿ ಇಲ್ಲೇ ಸತ್ತಳು. ಗೂಡಿಗೆ ಗಾರೆ ಮೆತ್ತಿದ್ದು ಆ ಅಕ್ಕನ ಕೈ.

"ಮಾಟಕ್ಕೆ ಕೆಟ್ಟ ಮನಸ್ಸೇ ಬೇಕು ಅಂತಿಲ್ಲಮ್ಮ. ಪ್ರೀತಿ ಇದ್ರೂ ಸಾಕು. ಹೋಗಬೇಡ ಅನ್ನೋ ಆಸೆ ಇಲ್ದಿರೋರು ತೆಗೆದಿದ್ರೆ ಅದು ಬರೀ ಕೂದಲು. ನೀವು ತೆಗೆದ್ರಿ."

ಅಕ್ಕ ತಲೆಯೆತ್ತಲಿಲ್ಲ. "ಬಿಚ್ಚೋಕೆ ಆಗಲ್ವಾ?"

"ಆಗುತ್ತೆ. ಆಸೆಪಟ್ಟ ಕೈಯೇ ಬಿಚ್ಚಬೇಕು. ಆದ್ರೆ ಗಂಟಿನ ಜೊತೆ ನಂಟೂ ಬಿಚ್ಚಿಹೋಗುತ್ತೆ. ಆ ಅಕ್ಕನೂ ಒಂದು ಗಂಟು ಬಿಚ್ಚಿದ್ಲಂತೆ. ಬಿಚ್ಚಿದ ಮೇಲೆ ತಂಗಿ ಅಳೋದು ಕೇಳಿದ್ರೂ ಏನೂ ಅನಿಸ್ಲಿಲ್ಲಂತೆ. ಹೆದರಿ ಮತ್ತೆ ಕಟ್ಟಿದ್ಲು."

"ಮರೆತುಹೋಗುತ್ತಾ?"

"ಮರೆತ್ರೆ ಎಷ್ಟೋ ವಾಸಿ. ಎಲ್ಲಾ ನೆನಪಿರುತ್ತೆ. ನಿಮ್ಮದು ಅನ್ನಿಸೋದಿಲ್ಲ, ಅಷ್ಟೇ."

ಅಕ್ಕ ಎದ್ದಳು. ಬಾಗಿಲಲ್ಲಿ ನಿಂತು, "ಪುಟ್ಟಿಗೆ ಇದು ಗೊತ್ತಾಗಬಾರದು," ಎಂದಳು. ಅಜ್ಜಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಮಧ್ಯಾಹ್ನ ಅವಳು ಮೇಷ್ಟ್ರನ್ನು, ಒಂದು ಗಂಟೆ ಹೊರಗಿರಿ ಎಂದು ಕಳಿಸಿದಳು. ಪುಟ್ಟಿ ಮೇಲ್ಕಟ್ಟಿನ ಕೆಳಗೆ ಮಗ್ಗುಲಾಗಿ ಮಲಗಿದ್ದಳು. ಅಕ್ಕ ಪಕ್ಕದಲ್ಲಿ ಕೂತು ಅವಳ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

"ಅಕ್ಕ," ಎಂದಳು ಪುಟ್ಟಿ ಕಣ್ಣು ಮುಚ್ಚಿಕೊಂಡೇ, "ನಾನು ಹೋಗೋದು ನಿಂಗಿಷ್ಟ ಇರ್ಲಿಲ್ಲ ಅಲ್ವಾ?"

ಇಪ್ಪತ್ತೆರಡು ವರ್ಷದಲ್ಲಿ ಅಕ್ಕ ಅವಳಿಗೆ ಎಷ್ಟೋ ಸಣ್ಣ ಸುಳ್ಳು ಹೇಳಿದ್ದಳು. ಇದಕ್ಕೆ ಹೇಳಲಿಲ್ಲ. "ಇರ್ಲಿಲ್ಲ ಕಣೆ. ಒಂದು ದಿನವೂ ಇರ್ಲಿಲ್ಲ."

"ಹೇಳಿದ್ರೆ ಉಳೀತಿದ್ದೆನೇನೋ."

"ಅದಕ್ಕೇ ಹೇಳ್ಲಿಲ್ಲ. ನಿದ್ದೆ ಮಾಡು. ನಾಳೆ ಹೋಗ್ತೀಯ ನೀನು."

ಪುಟ್ಟಿ ನಿದ್ದೆಹೋದ ಮೇಲೆ ಅಕ್ಕ ತನ್ನ ಕೆಲಸದ ಡೈರಿ ತೆಗೆದಳು. ಯಾವ ಮದುವೆಗೆ ಯಾವ ಹೂವು, ಯಾರಿಗೆ ಯಾವ ಬಣ್ಣ ಆಗುವುದಿಲ್ಲ ಎಂದು ಬರೆದುಕೊಳ್ಳುವ ಡೈರಿ. ಹೊಸ ಹಾಳೆಯಲ್ಲಿ ಬರೆದಳು:

ಪುಟ್ಟಿ. ಪ್ರತಿ ಭಾನುವಾರ ಬೆಳಿಗ್ಗೆ ಫೋನು ಮಾಡಬೇಕು.

ಊಟ ಆಯ್ತಾ ಎಂದು ಎರಡು ಸಲ ಕೇಳಬೇಕು. ಮೊದಲನೇ ಸಲ ಸುಳ್ಳು ಹೇಳುತ್ತಾಳೆ.

ಅತ್ತರೆ ಫೋನು ಇಡಬಾರದು. ಬುದ್ಧಿ ಹೇಳಬಾರದು. ಸುಮ್ಮನೆ ಇರಬೇಕು.

ಮೇಷ್ಟ್ರನ್ನು ಹೊಗಳಿದರೆ ಅವಳಿಗೆ ಖುಷಿ.

ಇಷ್ಟು ಬರೆಯುವಾಗ ಅಕ್ಷರ ಕೆಟ್ಟಿತು. ಆಮೇಲೆ ಓದಲು ಬರಲಿ ಎಂದು ಮತ್ತೊಮ್ಮೆ ದುಂಡಗೆ ಬರೆದು, ಕೊನೆಗೆ ಸೇರಿಸಿದಳು: ಅವಳಿಗೆ ಗೊತ್ತಾಗಬಾರದು.

ಪೆಟ್ಟಿಗೆಯಿಂದ ಜಡೆ ತೆಗೆದಳು. ಅದು ಮೈಯ ಹಾಗೆ ಬಿಸಿಯಾಗಿತ್ತು. ಗುಮ್ಮಟದ ಕಂಡಿಯ ಬೆಳಕು ಯಾರೋ ಅಂಗೈ ಮುಚ್ಚಿದಂತೆ ಕಂದಿತು. ನಡುಹಗಲು. ಆದರೂ ತನ್ನ ಬೆರಳು ತನಗೆ ಕಾಣಲಿಲ್ಲ.

ಬಾಚುವ ಸದ್ದು ನಿಂತಿತು. ಕಿವಿಯ ಹತ್ತಿರ ಉಸಿರು. ಎಣ್ಣೆಯ ಕಮಟು.

"ಯಾಕೆ ಬಿಚ್ತೀಯ," ಎಂದಿತು ಧ್ವನಿ. ಕೆಡುಕಿನ ಧ್ವನಿಯಲ್ಲ. ದಣಿದ ಹೆಂಗಸಿನದು. "ಇಲ್ಲೇ ಇರ್ಲಿ. ದಿನಾ ಊಟ ತಂದುಕೊಡು. ದಿನಾ ಮುಖ ನೋಡಬಹುದು. ಇನ್ನೇನು ಬೇಕು ನಿಂಗೆ?"

ಅಕ್ಕನಿಗೆ ಇನ್ನೇನೂ ಬೇಕಿರಲಿಲ್ಲ. ಅದೇ ಭಯ. ಅವಳು ಉಗುರು ಹಾಕಿದಳು.

ಮೊದಲ ಗಂಟು ಬೆರಳನ್ನೇ ಕೊಯ್ದಿತು. ರಕ್ತ ಜಾರಿತು. ಗಂಟು ಸಡಿಲಿತು. ಎದೆಯೊಳಗೆ ಏನೋ ಒಂದು ಎಳೆ ಪಟ್ಟನೆ ಹೋಯಿತು. ಸಣ್ಣದು. ಆರು ವರ್ಷದ ಪುಟ್ಟಿ ಅಮ್ಮನ ಹಾಸಿಗೆಯ ಪಕ್ಕ ನಿಂತು ಅಕ್ಕನ ಕಿರುಬೆರಳು ಹಿಡಿದಿದ್ದಳು. ಅದು ನೆನಪಾಯಿತು. ಒಂದು ಮಗು, ಒಂದು ಬೆರಳು. ಅಷ್ಟೇ.

ಎರಡನೆಯದು. ಜ್ವರದ ಹಣೆ. ಹಣೆ ಬಿಸಿಯಿತ್ತು. ಹೌದು, ಬಿಸಿಯಿತ್ತು.

ಮೂರು. ನಾಲ್ಕು. ಜಡೆ ಹಾವಿನಂತೆ ಮಣಿಕಟ್ಟಿಗೆ ಸುತ್ತಿತು. ಬಿಗಿಯಿತು. ಅಕ್ಕ ಹಲ್ಲಿನಲ್ಲಿ ಕಚ್ಚಿ ಎಳೆದಳು. ಬಾಯಿ ತುಂಬ ಕೂದಲು. ಸೈಕಲ್ಲಿನಿಂದ ಬಿದ್ದ ಹುಡುಗಿ. ಮುರಿದ ಕೈ. ಆಸ್ಪತ್ರೆಯ ಬೆಂಚು. ಯಾರದೋ ಕತೆ.

ಐದು. "ನಾನು ಒಂದಕ್ಕೇ ನಿಲ್ಲಿಸಿದೆ," ಎಂದಿತು ಧ್ವನಿ. ಅಳುತ್ತಿತ್ತು. "ನೀನೂ ನಿಲ್ಲಿಸು. ಖಾಲಿ ಆಗ್ತೀಯ. ನಿಲ್ಲಿಸೇ."

ಆರು. ಏಳು. ಬೆರಳು ಹರಿದಿತ್ತು. ನೋವು ದೂರ ಎಲ್ಲೋ ಇತ್ತು. ಪುಟ್ಟಿ ನಿದ್ದೆಯಲ್ಲಿ ಮುಲುಗಿದಳು. ಅಕ್ಕ ತಿರುಗಿ ನೋಡಿದಳು. ಯಾಕೆ ನೋಡಿದೆ ಎಂದು ಯೋಚಿಸಬೇಕಾಯಿತು.

ಎಂಟು.

ಒಂಬತ್ತನೆಯದರ ಮೇಲೆ ಬೆರಳು ನಿಂತಿತು. ಈಗ ಬಿಚ್ಚಬೇಕೆಂಬ ಕಾರಣವೇ ಸರಿಯಾಗಿ ತೋಚುತ್ತಿರಲಿಲ್ಲ. ಒಳಗೆ ಉಳಿದಿದ್ದದ್ದು ಒಂದೇ ಎಳೆ, ಕಾಣದಷ್ಟು ಸಣ್ಣದು. ಪುಟ್ಟಿಯ ಕತ್ತಿನ ಹಿಂಭಾಗದ ವಾಸನೆ. ತಲೆ ಬಾಚುವಾಗ ಬರುತ್ತಿದ್ದ, ಬಿಸಿಲಿನ, ಸೋಪಿನ ವಾಸನೆ. ಅದನ್ನು ಹಿಡಿದುಕೊಂಡೇ ಅಕ್ಕ ಉಗುರು ಹಾಕಿದಳು. ಎಳೆದಳು.

ಬೆಳಕು ಬಂತು.

ತಾಮ್ರದ ತಗಡು ನೆಲಕ್ಕೆ ಬಿದ್ದು ಟಿಣ್ಣೆಂದಿತು. ಎರಡು ಗೊಂಬೆಗಳ ನಡುವಿನ ಗೆರೆ ಇರಲಿಲ್ಲ. ಜಡೆ ಬೂದಿಯಂತೆ ಪುಡಿಯಾಗಿ ಅವಳ ಮಡಿಲ ತುಂಬ ಉದುರಿತ್ತು. ಅಕ್ಕ ಅದನ್ನು ಕೊಡವಿಕೊಂಡು ಎದ್ದಳು. ಮಲಗಿದ್ದ ಹುಡುಗಿಯ ಕೆನ್ನೆಗೆ ಬಣ್ಣ ಬರುತ್ತಿತ್ತು. ಒಳ್ಳೆಯದಾಯಿತು ಅನ್ನಿಸಿತು, ರೈಲಿನಲ್ಲಿ ಎದುರು ಸೀಟಿನವರ ಮಗುವಿನ ಅಳು ನಿಂತರೆ ಅನ್ನಿಸುವ ಹಾಗೆ.

ಮರುದಿನ ಮದುವೆ ಹೊತ್ತಿಗೆ ಸರಿಯಾಗಿ ನಡೆಯಿತು. ಬಂದ ಎಪ್ಪತ್ತು ಜನರೂ ಇಂಥ ಅಲಂಕಾರ ಕಂಡಿಲ್ಲ ಎಂದರು. ಪುಟ್ಟಿ ತನ್ನ ಪತ್ರ ಓದಿದಳು. ಅದರಲ್ಲಿ ಅರ್ಧ ಅಕ್ಕನ ವಿಷಯವೇ ಇತ್ತು. ಹಜಾರದಲ್ಲಿ ಒಣಗಿದ್ದ ಕಣ್ಣು ಅಕ್ಕನದೊಂದೇ. ಎಷ್ಟು ಗಟ್ಟಿಗಿತ್ತಿ ನೋಡು ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಮೇಲ್ಕಟ್ಟಿನ ಒಂದು ಅಂಚು ಅರ್ಧ ಗೇಣು ಇಳಿಬಿದ್ದಿರುವುದನ್ನು ಅಕ್ಕ ಗಮನಿಸುತ್ತಿದ್ದಳು.

ಪುಟ್ಟಿ ಮೇಷ್ಟ್ರ ಕೈ ಹಿಡಿದು ಹೊಸ್ತಿಲ ಮುಂದೆ ನಿಂತಳು. ಕಣ್ಣು ಮುಚ್ಚಿ ಕಾಲಿಟ್ಟಳು. ದಾಟಿದಳು. ಬಿಸಿಲಿನಲ್ಲಿ ನಿಂತು ಎದೆ ತುಂಬ ಉಸಿರೆಳೆದುಕೊಂಡು, ತಿರುಗಿ ಓಡಿಬಂದು ಅಕ್ಕನನ್ನು ಅಪ್ಪಿಕೊಂಡಳು. ಭುಜ ಒದ್ದೆಯಾಯಿತು. ಅಕ್ಕ ಅವಳ ಬೆನ್ನು ತಟ್ಟಿದಳು. ಎಷ್ಟು ಸಲ ತಟ್ಟಿದರೆ ಸರಿ ಎಂದು ತಿಳಿಯದೆ, ಪುಟ್ಟಿ ಬಿಡುವವರೆಗೂ ತಟ್ಟುತ್ತಲೇ ಇದ್ದಳು.

ಪ್ರತಿ ಭಾನುವಾರ ಅಕ್ಕ ಫೋನು ಮಾಡಿದಳು. ಡೈರಿ ತೆರೆದಿಟ್ಟುಕೊಂಡೇ ಮಾಡಿದಳು. ಊಟ ಆಯ್ತಾ. ನಿಜವಾಗ್ಲೂ ಆಯ್ತಾ. ಮೇಷ್ಟ್ರು ಒಳ್ಳೆಯವರು. ಹೀಗೆ ಏಳು ತಿಂಗಳು ನಡೆಯಿತು. ಒಂದು ಭಾನುವಾರ ಪುಟ್ಟಿ ಎರಡನೇ ಸಲದ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

"ಹೋದ ವಾರ ಊರಿಗೆ ಬಂದಿದ್ದೆ ಅಕ್ಕ," ಎಂದಳು. "ಸೌಧದ ನಕ್ಷೆ ಕೊಡೋದಿತ್ತು. ನಿನ್ನ ನೋಡದೇ ಹೋದೆ."

"ಹೌದಾ."

"ಬೀಗದಜ್ಜಿ ಹತ್ರ ಹೋಗಿದ್ದೆ. ಬಾಯಿ ಬಿಡ್ಲೇ ಇಲ್ಲ. ಕಾಲು ಹಿಡ್ಕೊಂಡ ಮೇಲೆ ಹೇಳಿದ್ರು."

ಅಕ್ಕ ಡೈರಿ ನೋಡಿದಳು. ಗೊತ್ತಾಗಬಾರದು ಎಂದಷ್ಟೇ ಇತ್ತು. ಗೊತ್ತಾದರೆ ಏನೆಂದು ಬರೆದಿರಲಿಲ್ಲ.

"ನಂಗೆ ಮೊದಲೇ ಅನುಮಾನ ಬಂದಿತ್ತು," ಎಂದಳು ಪುಟ್ಟಿ. "ಊಟ ಆಯ್ತಾ ಅಂತ ನೀನು ಎರಡೇ ಸಲ ಕೇಳ್ತಿದ್ದೆ. ಒಂದು ವಾರನೂ ಮೂರಾಗ್ಲಿಲ್ಲ. ನೀನು ಮೊದಲು ಹಾಗೆ ಎಣಿಸಿ ಕೇಳ್ತಿರ್ಲಿಲ್ಲ ಅಕ್ಕ. ತಲೆ ಚಿಟ್ಟು ಹಿಡಿಯೋವರೆಗೂ ಕೇಳ್ತಿದ್ದೆ."

ಈಗ ಏನಾದರೂ ಹೇಳಬೇಕು ಎಂದು ಅಕ್ಕನಿಗೆ ಗೊತ್ತಿತ್ತು. ಈ ಮಾತು ಕೇಳಿದ ಯಾವ ಹೆಂಗಸಿಗೂ ಕರುಳು ಕಿವುಚಬೇಕು ಎಂಬುದೂ ಗೊತ್ತಿತ್ತು. ಅವಳು ಕಾದಳು. ಎದೆಯ ಮೇಲೆ ಕೈಯಿಟ್ಟುಕೊಂಡು ನೋಡಿದಳು.

"ಪುಟ್ಟಿ, ನಂಗೆ ಏನೂ ಅನಿಸ್ತಿಲ್ಲ," ಎಂದಳು ಕೊನೆಗೆ.

"ಗೊತ್ತು ಅಕ್ಕ." ಆ ಕಡೆ ಅಳು ತಡೆದುಕೊಂಡ ಉಸಿರು. ಹಿಂದೆ ಕಡಲಿನ ಮೊರೆತ. "ಇನ್ಮೇಲೆ ನೀನು ಫೋನು ಮಾಡಬೇಡ. ಕಷ್ಟಪಡಬೇಡ. ನಾನೇ ಮಾಡ್ತೀನಿ. ನೀನು ಸುಮ್ನೆ ತೆಗಿ. ತೆಗೀದಿದ್ರೂ ಪರವಾಗಿಲ್ಲ, ಮತ್ತೆ ಮಾಡ್ತೀನಿ. ಬದುಕಿರೋವರೆಗೂ ಮಾಡ್ತೀನಿ."

ಅತ್ತರೆ ಫೋನು ಇಡಬಾರದು. ಅಕ್ಕ ಇಡಲಿಲ್ಲ. ಕೆಳಗೆ ಬೀದಿಯಲ್ಲಿ ಲಾರಿಯ ಹಾರನ್ನು ಕೇಳಿತು. ನಾಳೆಯ ಮದುವೆಯ ಬಿದಿರು ಬಂದಿತ್ತು. ಹಾರನ್ನು ಮೂರು ಸಲ ಆದ ಮೇಲೆ ಪುಟ್ಟಿಯೇ, "ಯಾರೋ ಕಾಯ್ತಿದ್ದಾರೆ ಅನ್ಸುತ್ತೆ. ಹೋಗ್ಬಾ ಅಕ್ಕ," ಎಂದಳು.

"ಆಯ್ತು," ಎಂದು ಅಕ್ಕ ಫೋನು ಇಟ್ಟಳು. ಡೈರಿಯ ಆ ಹಾಳೆಗೆ ಅಡ್ಡಗೆರೆ ಎಳೆಯಲು ಪೆನ್ನು ತೆಗೆದವಳು, ಯಾಕೋ ಎಳೆಯದೆ ಮುಚ್ಚಿಟ್ಟಳು. ಅದರಲ್ಲಿ ಮಮತೆಯೇನೂ ಇರಲಿಲ್ಲ. ಲಾರಿಯವನು ಮತ್ತೆ ಹಾರನ್ನು ಹಾಕಿದ್ದ. ಮೆಟ್ಟಿಲಿಳಿದು ಹೋಗಿ, ಬಿದಿರನ್ನು ಗೋಡೆಗೆ ಒರಗಿಸಬೇಡಿ, ಅಡ್ಡಲಾಗಿ ಹಾಕಿ ಎಂದು ಹೇಳಿ, ಅವಳು ಬಿಸಿಲಿನಲ್ಲಿ ನಿಂತು ಒಂದೊಂದಾಗಿ ಇಳಿಸಿಕೊಳ್ಳತೊಡಗಿದಳು.